ಮಲಮಕ್ಕಳೂ ಮನೆಯ ಮಕ್ಕಳೇ



ಅನುದಾನದಲ್ಲಿ ತಾರತಮ್ಯವಾದರೆ ರಾಜಕಾರಣಿಗಳು ‘ಮಲತಾಯಿ ಧೋರಣೆ’ ಎಂದು ದೂರುತ್ತಾರೆ. ಆ ಮಾತು ಮಲತಾಯಿಯ ಕೈತುತ್ತು ಉಣ್ಣುವ ಮಗುವಿನ ಕಿವಿಗೂ ಬೀಳುತ್ತದೆ. ಈ ಮನೆ ತನ್ನದಲ್ಲವೇನೋ ಎಂಬ ಅಳುಕು ಅದರಲ್ಲಿ ಮೊಳೆಯುತ್ತದೆ. ಭರತ-ಬಾಹುಬಲಿಯರ ತಾಯಂದಿರು ಬೇರೆ ಬೇರೆ. ಸಮಾಜ ಅವರನ್ನು ಅಣ್ಣತಮ್ಮಂದಿರೆಂದೇ ನೆನೆಯುತ್ತದೆ.

ಪ್ರೀತಿಯಿದ್ದರೂ ಕಾನೂನಿನ ತೊಡಕು ಉಳಿಯುತ್ತದೆ. ಆದಾಯ ತೆರಿಗೆ ಕಾಯ್ದೆಯ ವ್ಯಾಖ್ಯೆಯಲ್ಲಿ ಮಲಮಗುವೂ ‘ಮಗು’ವೇ. ಆದರೆ ಜೈನರಿಗೂ ಅನ್ವಯಿಸುವ 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯಡಿ, ಮಲತಂದೆ ಉಯಿಲು ಬರೆಯದೆ ತೀರಿಕೊಂಡರೆ ಅವರ ಸ್ವಯಾರ್ಜಿತ ಆಸ್ತಿಯಲ್ಲಿ ಮಲಮಗುವಿಗೆ ಮಕ್ಕಳ ಪಾಲು ದೊರೆಯದು. ಮಲತಾಯಿಯ ಆಸ್ತಿಗೂ ಮಲಮಗ ‘ಮಗ’ನಲ್ಲವೆಂದು 1987ರಲ್ಲಿ ಸುಪ್ರೀಂ ಕೋರ್ಟ್ ತೀರ್ಪಿತ್ತಿದೆ, ಅವನು ಆಕೆಯ ಗಂಡನ ವಾರಸುದಾರನಾಗಿ ಹಿಂದಿನ ಸಾಲಿನಲ್ಲಿ ನಿಲ್ಲುತ್ತಾನೆ.

ಶಹಾಡ್, ಕಲ್ಯಾಣಗಳಿಂದ ದಿನವೂ ಲೋಕಲ್ ರೈಲಿನಲ್ಲಿ ಓಡಾಡಿ ದುಡಿದವರ ಜೀವಮಾನದ ಉಳಿತಾಯವೆಂದರೆ ಒಂದು ಫ್ಲ್ಯಾಟ್. ಮರುವಿವಾಹವಾದ ದಂಪತಿ ಇಬ್ಬರು ಸಾಕ್ಷಿಗಳ ಸಮಕ್ಷಮ ಉಯಿಲು ಬರೆದಿಡಲಿ. ಅವಕಾಶವಿದ್ದಲ್ಲಿ ಮಗುವನ್ನು ವಿಧಿವತ್ತಾಗಿ ದತ್ತು ಪಡೆಯಲಿ. ಸಂಬಂಧ ಕೂಡಿಸುವ ಹಿರಿಯರು ಮಾತುಕತೆಯ ದಿನವೇ ಈ ವಿಷಯವನ್ನೂ ಎತ್ತಲಿ. ತನ್ನ ನೆಲೆಯ ಬಗ್ಗೆ ನಿಶ್ಚಿಂತವಾದ ಮಗುವಿಗೆ ಹೊಸ ತಾಯಿಯನ್ನೋ ತಂದೆಯನ್ನೋ ಒಪ್ಪಿಕೊಳ್ಳುವುದು ಸುಲಭವಾಗುತ್ತದೆ.