ಮುರಾನೋದ ಕುಲುಮೆಯಿಂದ ಕಂಡ ವೆನಿಸ್

ಇಟಲಿಯ ಈಶಾನ್ಯದಲ್ಲಿ, ಆಡ್ರಿಯಾಟಿಕ್ ಸಮುದ್ರದ ಉತ್ತರ ತುದಿಯಲ್ಲಿ, ಕಡಲ ಅಲೆಗಳನ್ನು ಉದ್ದನೆಯ ಮರಳುದಿಣ್ಣೆಗಳು ತಡೆದು ನಿಲ್ಲಿಸಿರುವ ಆಳವಿಲ್ಲದ ಉಪ್ಪುನೀರಿನ ಹರವೊಂದಿದೆ. ಇಂಥ ಜಲರಾಶಿಗೆ ಲಗೂನ್ ಎನ್ನುತ್ತಾರೆ. ಅದರ ನಡುವಿನ ನೂರಕ್ಕೂ ಹೆಚ್ಚು ನಡುಗಡ್ಡೆಗಳ ಕೆಸರಿನಲ್ಲಿ ಮರದ ಗೂಟಗಳನ್ನು ಒತ್ತೊತ್ತಾಗಿ ಇಳಿಸಿ, ಅವುಗಳ ಮೇಲೆ ಕಲ್ಲಿನ ಅಡಿಪಾಯ ಹಾಕಿ ಎಬ್ಬಿಸಿದ ನಗರವೇ ವೆನಿಸ್. ಉಳಲು ಹೊಲವಾಗಲಿ, ಅಗೆಯಲು ಗಣಿಯಾಗಲಿ ಇಲ್ಲದ, ಉಪ್ಪು ಮತ್ತು ಮೀನುಗಳನ್ನಷ್ಟೇ ತನ್ನದೆನ್ನಬಹುದಾಗಿದ್ದ ಈ ಊರು ಸುಮಾರು ಸಾವಿರ ವರ್ಷಗಳ ಕಾಲ ಗಣರಾಜ್ಯವಾಗಿ ಬಾಳಿತು.

ಆ ಗಣರಾಜ್ಯದ ರಾಜಕೀಯ ಕಥೆಯ ಮುಖ್ಯ ಘಟ್ಟಗಳನ್ನು ಕೇಳುಗರು ಶಾಲೆಯ ಪಠ್ಯಗಳಲ್ಲಿ ಅಷ್ಟಿಷ್ಟು ಓದಿಯೇ ಇರುತ್ತಾರೆ. 1082ರಲ್ಲಿ ಬೈಜಾಂಟಿಯಂ ಸಾಮ್ರಾಟನಿಂದ ಸುಂಕವಿಲ್ಲದೆ ವ್ಯಾಪಾರ ಮಾಡುವ ಹಕ್ಕು ದೊರೆತದ್ದು, 1204ರಲ್ಲಿ ಮುದುಕನೂ ಕುರುಡನೂ ಆಗಿದ್ದ ಎನ್ರಿಕೋ ದಾಂದೊಲೊ ನಾಲ್ಕನೆಯ ಧರ್ಮಯುದ್ಧದ ಸೈನ್ಯದೊಡನೆ ಕಾನ್‌ಸ್ಟಾಂಟಿನೋಪಲ್ ನಗರವನ್ನೇ ಸೂರೆಗೊಂಡದ್ದು, 1284ರಲ್ಲಿ ಡುಕಾಟ್ ಎಂಬ ಚಿನ್ನದ ನಾಣ್ಯ ಟಂಕಿತವಾದದ್ದು, 1297ರಲ್ಲಿ ಮಹಾಸಭೆಯ ಬಾಗಿಲು ಹೊಸ ಮನೆತನಗಳಿಗೆ ಬಹುಮಟ್ಟಿಗೆ ಮುಚ್ಚಿದ್ದು ಇವು ಅಂಥ ಘಟ್ಟಗಳು. ದಾಂದೊಲೊ ವಹಿಸಿದ್ದ ಡೋಜ್ ಪದವಿ ಜೀವಾವಧಿಗೆ ಚುನಾಯಿತನಾದ ರಾಷ್ಟ್ರಾಧ್ಯಕ್ಷನದು. ಆದರೆ ಅವನನ್ನು ಅರಸನಾಗಲು ಬಿಡದಂತೆ ಸಭೆಗಳೂ ಸಮಿತಿಗಳೂ ಸುತ್ತಲೂ ಕಾವಲಿದ್ದವು.

ಡೋಜ್‌ನ ಅರಮನೆಗಿಂತ ಆತ್ಮೀಯವಾಗಿ ವೆನಿಸ್ಸನ್ನು ಪರಿಚಯಿಸುವ ಸ್ಥಳ ಮುರಾನೋ. ನಗರದ ಉತ್ತರಕ್ಕೆ ಸುಮಾರು ಒಂದೂವರೆ ಕಿಲೋಮೀಟರ್ ದೂರದ ಈ ದ್ವೀಪಕ್ಕೆ 1291ರಲ್ಲಿ ಸರ್ಕಾರ ಗಾಜಿನ ಕುಲುಮೆಗಳನ್ನೆಲ್ಲ ಸಾಗಹಾಕಿತು. ಮರದ ಮನೆಗಳು ಹೆಚ್ಚಾಗಿದ್ದ ನಗರಕ್ಕೆ ಬೆಂಕಿಯ ಭಯವಿತ್ತು. ಅದೇ ಏಟಿಗೆ ಕಸುಬಿನ ಗುಟ್ಟೂ ನೀರಿನ ಬೇಲಿಯೊಳಗೆ ಭದ್ರವಾಯಿತು. ಬೆಂಕಿಯ ನೆಪದಲ್ಲಿ ಗುಟ್ಟನ್ನು ಕಾಯ್ದದ್ದು ವ್ಯಾಪಾರಿಗಳ ಸರ್ಕಾರಕ್ಕೆ ತಕ್ಕ ಜಾಣತನವೇ ಸರಿ.

ಗಾಜಿಗೆ ಬೇಕಾದ ಬೆಣಚುಕಲ್ಲು ಇಟಲಿಯ ಟಿಚಿನೋ ನದಿಯಿಂದ ಬಂದರೆ, ಅದನ್ನು ಕರಗಿಸಲು ನೆರವಾಗುವ ಕ್ಷಾರವಾದ ಸೋಡಾಬೂದಿ, ಅಂದರೆ ಉಪ್ಪುನೆಲದ ಗಿಡಗಳನ್ನು ಸುಟ್ಟು ಪಡೆದ ಬೂದಿ, ಸಿರಿಯಾದ ಕಡೆಯಿಂದ ವ್ಯಾಪಾರಿ ಹಡಗುಗಳಲ್ಲಿ ಬರುತ್ತಿತ್ತು. 15ನೆಯ ಶತಮಾನದ ನಡುಭಾಗದಲ್ಲಿ ಆಂಜೆಲೊ ಬರೋವಿಯೆರ್ ಎಂಬ ಕುಶಲಿಯ ಹೆಸರಿನೊಡನೆ ತಳುಕು ಹಾಕಿಕೊಂಡಿರುವ ಕ್ರಿಸ್ಟಾಲೊ, ಆ ಬೂದಿಯನ್ನು ನೀರಿನಲ್ಲಿ ಕುದಿಸಿ, ಸೋಸಿ, ಶುದ್ಧಗೊಳಿಸಿ, ಹಸಿರುಛಾಯೆ ಕಳೆಯಲು ತುಸುವೇ ಮ್ಯಾಂಗನೀಸ್ ಬೆರೆಸಿ ಸಾಧಿಸಿದ ಬಣ್ಣವಿಲ್ಲದ ಗಾಜು. ಕುಲುಮೆಯಲ್ಲಿ ಬೆಲ್ಲದ ಎಳೆಪಾಕದಂತೆ ಕರಗಿರುವ ಇದನ್ನು ಊದುಗೊಳವೆಯ ತುದಿಗೆ ಸುತ್ತಿಕೊಂಡು, ಗೊಳವೆಯನ್ನು ಒಂದೇ ಸಮನೆ ಹೊರಳಿಸುತ್ತ ಉಸಿರು ಊದಿ, ಇಕ್ಕಳದಿಂದ ಎಳೆದು ಮಣಿಸಿ, ಗಟ್ಟಿಯಾಗತೊಡಗಿದಾಗ ಮತ್ತೆ ಬೆಂಕಿಗೊಡ್ಡಿ, ಕೊನೆಗೆ ನಿಧಾನವಾಗಿ ತಣಿಯಲು ಇಡಬೇಕು. ಒಮ್ಮೆಲೇ ತಣಿದರೆ ಪಾತ್ರೆ ತಾನಾಗಿಯೇ ಬಿರಿಯುತ್ತದೆ. ಈ ಕೆಲಸದಲ್ಲಿ ಯೋಚಿಸುತ್ತ ನಿಲ್ಲಲು ಸಮಯವಿಲ್ಲವಾದ್ದರಿಂದ ಮೇಸ್ತ್ರಿಗೂ ಸಹಾಯಕರಿಗೂ ನಡುವೆ ಮಾತು ಕಡಿಮೆ, ಕಣ್ಸನ್ನೆಯೇ ಹೆಚ್ಚು.

ಗಾಜಿನವರಿಗೆ ಸರ್ಕಾರ ತೋರಿದ ಮರ್ಯಾದೆಯೂ ಅಸಾಮಾನ್ಯ: ಅವರ ಮಗಳನ್ನು ಕುಲೀನ ಮನೆತನದವನು ಮದುವೆಯಾದರೆ ಮಕ್ಕಳ ಕುಲೀನ ಹಕ್ಕಿಗೆ ಚ್ಯುತಿ ಬರುತ್ತಿರಲಿಲ್ಲ. ಆದರೆ ಅನುಮತಿಯಿಲ್ಲದೆ ಊರು ಬಿಟ್ಟು ಹೊರನಾಡಿನಲ್ಲಿ ಕುಲುಮೆ ಹೂಡುವುದು ಅಪರಾಧ. ಓಡಿಹೋದವರ ಬೆನ್ನಿಗೆ ಕೊಲೆಗಡುಕರು ಹೋದ ಕಥೆಗಳು ಬಹಳ ಇವೆ, ಪ್ರವಾಸಿಗಳಿಗೆ ಹೇಳುವಾಗ ಅವು ಇನ್ನಷ್ಟು ಬೆಳೆಯುತ್ತವೆ. ಓಡಿಹೋದವರ ಸಂಖ್ಯೆ ಮಾತ್ರ ಕಡಿಮೆಯಾಗಲಿಲ್ಲ.

ವೆನಿಸ್ಸಿನ ಅವನತಿಯನ್ನು 1498ರಲ್ಲಿ ಪೋರ್ಚುಗೀಸ್ ನಾವಿಕ ವಾಸ್ಕೋ ಡ ಗಾಮ ಕಲ್ಲಿಕೋಟೆ ತಲುಪಿದ್ದಕ್ಕೇ ಕಟ್ಟಿಬಿಡುವ ರೂಢಿಯಿದೆ. ವೆನಿಸ್ಸಿನ ಮೆಣಸಿನ ವ್ಯಾಪಾರಕ್ಕೆ ಮೊದಲ ಹೊಡೆತ ಜೋರಾಗಿಯೇ ಬಿದ್ದಿತ್ತಾದರೂ 16ನೆಯ ಶತಮಾನದ ನಡುಭಾಗಕ್ಕೆ ಕೆಂಪು ಸಮುದ್ರ ಮತ್ತು ಅಲೆಕ್ಸಾಂಡ್ರಿಯಾಗಳ ಹಳೆಯ ದಾರಿಯಲ್ಲಿ ಕಾಳುಮೆಣಸು ಪುನಃ ಹೇರಳವಾಗಿ ಹರಿಯತೊಡಗಿತು. ಆ ಕಾಲದ ವೆನಿಸ್ ವರ್ತಕರಿಗೆ ಪೂರ್ವದ ಆಸೆ ಬತ್ತಿರಲಿಲ್ಲವೆನ್ನಲು ಕನ್ನಡನಾಡಿನಲ್ಲೇ ಸಾಕ್ಷಿಯಿದೆ: 1563ರಲ್ಲಿ ವೆನಿಸ್ ಬಿಟ್ಟ ಸೆಸಾರೆ ಫೆದೆರಿಚಿ ಎಂಬ ವರ್ತಕನು ತಾಳಿಕೋಟೆಯ ಯುದ್ಧ ಮುಗಿದ ಎರಡು ವರ್ಷಕ್ಕೆ ವಿಜಯನಗರಕ್ಕೆ ಬಂದು, ಪಾಳುಬೀಳತೊಡಗಿದ್ದ ಆ ರಾಜಧಾನಿಯಲ್ಲಿ ಏಳು ತಿಂಗಳು ತಂಗಿದ್ದನು. ಮೆಣಸಿನ ದಾರಿ ನಿಜವಾಗಿ ಕೈತಪ್ಪಿದ್ದು 17ನೆಯ ಶತಮಾನದಲ್ಲಿ, ಡಚ್ಚರ ಕಂಪನಿ ಮೂಲದಲ್ಲೇ ಸರಕನ್ನು ಹಿಡಿದಾಗ.

ಗಾಜಿನ ಗುಟ್ಟು ಹೊರಬಿದ್ದದ್ದೂ ಅದೇ ಶತಮಾನದಲ್ಲೇ. 1665ರಲ್ಲಿ ಫ್ರಾನ್ಸಿನ ಮಂತ್ರಿ ಕೋಲ್ಬೇರ್ ಮುರಾನೋದ ಕನ್ನಡಿ ಕುಶಲಿಗಳಿಗೆ ಹಣದ ಆಸೆ ತೋರಿಸಿ ಪ್ಯಾರಿಸ್ಸಿಗೆ ಕರೆಸಿಕೊಂಡನು. 1684ರಲ್ಲಿ ಸಿದ್ಧವಾದ ವರ್ಸೇಲ್ಸ್ ಅರಮನೆಯ ಕನ್ನಡಿಯ ಹಜಾರಕ್ಕೆ ಫ್ರಾನ್ಸಿನಲ್ಲೇ ಮಾಡಿದ ಕನ್ನಡಿಗಳು ಕೂತವು. ಇಂಗ್ಲೆಂಡಿನಲ್ಲಿ ರೇವನ್ಸ್‌ಕ್ರಾಫ್ಟ್ ಎಂಬ ಗಾಜು ತಯಾರಕನು ಸೀಸ ಬೆರೆಸಿದ ಭಾರವಾದ ಗಾಜನ್ನೂ, ಬೊಹೀಮಿಯದವರು ಕೆತ್ತನೆಗೆ ಒಗ್ಗುವ ದಪ್ಪ ಗಾಜನ್ನೂ ಮಾರುಕಟ್ಟೆಗೆ ತಂದರು. ಕಾನೂನಿನಿಂದ ಕಸುಬುದಾರನ ಕಾಲು ಕಟ್ಟಬಹುದೆಂದು ನಂಬಿದ ಗಣರಾಜ್ಯವು ಮಾರುಕಟ್ಟೆಯ ರುಚಿ ಬದಲಾದೀತೆಂಬುದಕ್ಕೆ ಸಿದ್ಧವಾಗಿರಲಿಲ್ಲ.

ಭಾಷಣದ ಅವಧಿ ಮುಗಿಯುತ್ತ ಬಂದಿರುವುದರಿಂದ ಮುಂದಿನದನ್ನು ಚುಟುಕಾಗಿ ಹೇಳಬೇಕಾಗಿದೆ. 1669ರಲ್ಲಿ ವೆನಿಸ್ಸಿನ ವಶದಲ್ಲಿದ್ದ ಕ್ರೀಟ್ ದ್ವೀಪ ಆಟೊಮನ್ ತುರ್ಕರ ಪಾಲಾಯಿತು; 1797ರ ಮೇ 12ರಂದು, ನೆಪೋಲಿಯನ್ನನ ಬೆದರಿಕೆಗೆ ಮಣಿದು, ಮಹಾಸಭೆಯು ಗಣರಾಜ್ಯವನ್ನೇ ವಿಸರ್ಜಿಸಿತು, ಲುದೊವಿಕೊ ಮನೀನ್ ಕೊನೆಯ ಡೋಜ್ ಆದನು. ಪ್ರತಿವರ್ಷ ಕ್ರಿಸ್ತನ ಸ್ವರ್ಗಾರೋಹಣದ ಹಬ್ಬದಂದು ಡೋಜ್ ಕಡಲಿಗೆ ಉಂಗುರ ಎಸೆದು ಅದನ್ನು ವರಿಸುತ್ತಿದ್ದ ಸೆನ್ಸಾ ಉತ್ಸವದ ಬಗ್ಗೆ ವಿವರವಾಗಿ ಹೇಳಲು ಅವಕಾಶವಿಲ್ಲ. ಈಗ ಆ ಉಂಗುರವನ್ನು ನಗರದ ಮೇಯರ್ ಎಸೆಯುತ್ತಾರೆ. ಮುರಾನೋದ ಕಸುಬು 19ನೆಯ ಶತಮಾನದ ಉತ್ತರಾರ್ಧದಲ್ಲಿ ಅಂತೋನಿಯೋ ಸಾಲ್ವಿಯಾತಿ ಮೊದಲಾದವರಿಂದ ಚೇತರಿಸಿಕೊಂಡಿತು; 1861ರಲ್ಲಿ ಸ್ಥಾಪನೆಯಾದ ಗಾಜಿನ ವಸ್ತುಸಂಗ್ರಹಾಲಯ ಅಲ್ಲಿಯೇ ಇದ್ದು, ವೆನಿಸ್ಸಿನಿಂದ ಸಾರ್ವಜನಿಕ ದೋಣಿಯಲ್ಲಿ ಸುಲಭವಾಗಿ ತಲುಪಬಹುದು.