ಚಿನ್ನದ ಮೀನಿಗೆ ಎಂಥ ಮನೆ, ಯಾರ ಜೊತೆ?

ತಮಿಳಿನಲ್ಲಿ ತಂಗಮೀನ್, ತೆಲುಗಿನಲ್ಲಿ ಬಂಗಾರು ಚೇಪ, ನಮ್ಮಲ್ಲಿ ಚಿನ್ನದ ಮೀನು. ಹೆಸರು ಮೂರಾದರೂ ನಮ್ಮ ಸಾನಮಾವಿನ ಕಡೆ ಅದರ ಹಣೆಬರಹ ಒಂದೇ. ಹೊಸೂರು ಪೇಟೆಯಿಂದ ಪ್ಲಾಸ್ಟಿಕ್ ಚೀಲದಲ್ಲಿ ಬರುತ್ತದೆ, ಟೀವಿ ಪಕ್ಕದ ಗಾಜಿನ ಬೋಗುಣಿ ಸೇರುತ್ತದೆ, ಹತ್ತು ದಿನಕ್ಕೆ ಹೊಟ್ಟೆ ಮೇಲಾಗಿ ತೇಲುತ್ತದೆ. ಮಕ್ಕಳು ಅಳುತ್ತಾರೆ. ದೊಡ್ಡವರು, "ಅದರ ಆಯುಸ್ಸೇ ಅಷ್ಟು" ಎನ್ನುತ್ತಾರೆ. ಅಷ್ಟಲ್ಲ ಸ್ವಾಮಿ. ಇಂಗ್ಲೆಂಡಿನಲ್ಲಿ 1956ರಲ್ಲಿ ಜಾತ್ರೆಯೊಂದರ ಬಹುಮಾನವಾಗಿ ಬಂದ ಟಿಶ್ ಎಂಬ ಚಿನ್ನದ ಮೀನು 43 ವರ್ಷ ಬದುಕಿ 1999ರಲ್ಲಿ ಸತ್ತಿತು. ನೀರು ಚೆನ್ನಾಗಿದ್ದರೆ ಹತ್ತು ಹದಿನೈದು ವರ್ಷ ಸಾಮಾನ್ಯ.

ಚೀನಾದವರು ಸಾವಿರ ವರ್ಷಕ್ಕೂ ಹಿಂದಿನಿಂದ ಸಾಕಿ ಬೆಳೆಸಿದ ಈ ಮೀನು ನಮ್ಮ ಗೆಂಡೆಮೀನಿನ ನೆಂಟ. ಅದಕ್ಕೆ ಜಠರವೇ ಇಲ್ಲ. ತಿಂದದ್ದು ನೇರ ಕರುಳಿಗೆ. ಹೀಗಾಗಿ ದಿನವಿಡೀ ತಿನ್ನುತ್ತದೆ, ದಿನವಿಡೀ ಹೊಲಸು ಮಾಡುತ್ತದೆ. ಅದರಿಂದ ಬರುವ ಅಮೋನಿಯಾ ಮೂರು ನಾಲ್ಕು ಲೀಟರ್ ನೀರಿನಲ್ಲಿ ಬೇಗ ವಿಷವಾಗುತ್ತದೆ. ದೊಡ್ಡ ತೊಟ್ಟಿಯಾದರೆ ಫಿಲ್ಟರಿನ ಸ್ಪಂಜಿನಲ್ಲಿ ನೆಲೆಸುವ ಬ್ಯಾಕ್ಟೀರಿಯಾ ಆ ವಿಷವನ್ನು ಕಳೆಯುತ್ತವೆ. ಅವು ನೆಲೆಯೂರಲು ತಿಂಗಳಾದರೂ ಬೇಕು. ಆದ್ದರಿಂದ ಸ್ಪಂಜನ್ನು ನಲ್ಲಿಯ ಕೆಳಗೆ ತೊಳೆಯದೆ, ತೊಟ್ಟಿಯಿಂದ ತೆಗೆದ ನೀರಿನಲ್ಲೇ ಹಿಂಡಿ.

ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದವನು, ಲೆಕ್ಕ ಹೇಳದೆ ಇರಲಾರೆ. ಒಂದು ಘನ ಅಡಿಗೆ 28 ಲೀಟರ್. ಮೂರಡಿ ಉದ್ದ, ಒಂದಡಿ ಅಗಲ, ಒಂದೂಕಾಲಡಿ ಎತ್ತರದ ತೊಟ್ಟಿಗೆ 105 ಲೀಟರ್. ದುಂಡು ಮೈಯ ಎರಡು ಮೀನಿಗೆ ಅದು ಸರಿ. ನೀಳ ಮೈಯ ಕಾಮೆಟ್ ಒಂದಡಿವರೆಗೂ ಬೆಳೆಯುತ್ತದೆ. ಅದಕ್ಕೆ ಹಿತ್ತಲಿನ ಸಿಮೆಂಟ್ ತೊಟ್ಟಿಯೇ ಲೇಸು, ಬೆಕ್ಕು ಮಿಂಚುಳ್ಳಿಗಳಿಗೆ ಸಿಗದಂತೆ ಮೇಲೆ ಬಲೆ ಇರಲಿ. ವಾರಕ್ಕೊಮ್ಮೆ ಕಾಲು ಭಾಗ ನೀರು ಬದಲಿಸಿ. ಹೊಗೇನಕಲ್ ಯೋಜನೆಯ ನಲ್ಲಿನೀರಾದರೆ ಕ್ಲೋರಿನ್ ಹೋಗಲು ಒಂದು ದಿನ ಅಗಲ ಪಾತ್ರೆಯಲ್ಲಿ ತೆರೆದಿಡಿ.

ಜೊತೆಗಾರರ ವಿಷಯಕ್ಕೆ ಬಂದರೆ, ಅಂಗಡಿಯ ತೊಟ್ಟಿ ನೋಡಿ ಮರುಳಾಗಬೇಡಿ. ಅಲ್ಲಿ ಎಲ್ಲವನ್ನೂ ಬೆರೆಸಿರುತ್ತಾರೆ, ಕಣ್ಣಿಗೇನೋ ಹಬ್ಬ. ಆದರೆ ಏಂಜಲ್ ಮೀನಿಗೆ 26 ಡಿಗ್ರಿ ಬಿಸುಪು ಬೇಕು. ಚಿನ್ನದ ಮೀನು 18ರಿಂದ 22ರಲ್ಲಿ ಸುಖವಾಗಿರುತ್ತದೆ. ನಮ್ಮ ಹೊಸೂರಿನ ಚಳಿ ಅದಕ್ಕೆ ಹಿತವೇ, ಹೀಟರ್ ದಂಡ. ಟೈಗರ್ ಬಾರ್ಬ್ ಬಾಲ ಕಚ್ಚುತ್ತದೆ. ಗಪ್ಪಿಯನ್ನು ಚಿನ್ನದ ಮೀನೇ ನುಂಗುತ್ತದೆ. ಗಾಜು ಶುಚಿ ಮಾಡುತ್ತದೆಂದು ಕೊಡುವ ಸಕ್ಕರ್ ಮೀನು ರಾತ್ರಿ ಇದರ ಮೈಗೆ ಅಂಟಿ ಲೋಳೆ ಹೀರಿ ಗಾಯ ಮಾಡುವುದುಂಟು. ಚಿನ್ನದ ಮೀನಿಗೆ ಚಿನ್ನದ ಮೀನೇ ಜೊತೆ. ಅದರಲ್ಲೂ ದುಂಡನೆಯದಕ್ಕೆ ದುಂಡನೆಯದು. ಕಾಮೆಟನ್ನು ಸೇರಿಸಿದರೆ ಓರಾಂಡಾ ತಿರುಗಿ ಬರುವಷ್ಟರಲ್ಲಿ ಕಾಳೆಲ್ಲ ಖಾಲಿ.

ಸಾಕಲಾಗದಿದ್ದರೆ ಪುಣ್ಯವೆಂದು ಊರ ಕೆರೆಗಾಗಲಿ ಕೆಲವರಪಳ್ಳಿ ಅಣೆಕಟ್ಟೆಗಾಗಲಿ ಬಿಡಬೇಡಿ. ಚಿನ್ನದ ಮೀನು ತಳ ಕೆದಕಿ ನೀರು ರಾಡಿ ಮಾಡುತ್ತದೆ, ಬೇರೆ ಮೀನುಗಳ ಮೊಟ್ಟೆ ತಿನ್ನುತ್ತದೆ. ಸಕ್ಕರ್ ಮೀನಂತೂ ದಂಡೆಯನ್ನೇ ಕೊರೆಯುತ್ತದೆ. ದೊಡ್ಡ ತೊಟ್ಟಿ ಇರುವವರಿಗೆ ಕೊಡಿ, ಇಲ್ಲವೇ ಅಂಗಡಿಗೆ ಹಿಂದಿರುಗಿಸಿ. ದುಡ್ಡು ಕೇಳದಿದ್ದರೆ ತೆಗೆದುಕೊಂಡಾರು.