ಬಿಳಿ ಚುಕ್ಕೆಯ ದಿನಗಣನೆ

ಕಡಲಿನಿಂದ ಬಹು ದೂರದ ಊರಿನಲ್ಲಿ ಮನೆ ಮಾಡಿಕೊಂಡವನಿಗೆ ಕಡಲನ್ನು ನಡುಮನೆಗೆ ತರಬೇಕೆಂಬ ಹುಚ್ಚು ಏಕೆ ಹಿಡಿಯಿತೆಂದು ಕೇಳಿದರೆ ನನ್ನಲ್ಲಿ ಉತ್ತರವಿಲ್ಲ. ಇನ್ನೂರು ಲೀಟರಿನ ಗಾಜಿನ ತೊಟ್ಟಿ. ಲೀಟರಿಗೆ ಸುಮಾರು ೩೫ ಗ್ರಾಂನಂತೆ ಕರಗಿಸಿದ ಲವಣಮಿಶ್ರಣ. ತಳದಲ್ಲಿ ಹವಳದ ಮರಳು, ಅದರ ಮೇಲೆ ತೂತುತೂತಾದ ಕಲ್ಲುಗಳು. ಅದರೊಳಗೆ ಕೇಸರಿ ಮೈಗೆ ಬಿಳಿ ಪಟ್ಟೆ ಸುತ್ತಿಕೊಂಡ ಎರಡು ಕ್ಲೌನ್ ಮೀನುಗಳು, ಬೆನ್ನಿನ ಮೇಲೆ ಬಿಳಿಗೆರೆ ಎಳೆದಂತಿದ್ದ ಎರಡು ಕೆಂಪು ಸಿಗಡಿಗಳು, ನಾಲ್ಕಾರು ಬಸವನಹುಳುಗಳು. ಇಷ್ಟಕ್ಕೆ ತೃಪ್ತನಾಗಿದ್ದರೆ ಈ ಭಾಷಣಕ್ಕೆ ವಿಷಯವೇ ಇರುತ್ತಿರಲಿಲ್ಲ. ನಾನು ಒಂದು ಎಳೆಯ ನೀಲಿ ಟ್ಯಾಂಗ್ ಮೀನನ್ನು ತಂದೆ. ತಂದ ಸಂಜೆಯೇ ಉಳಿದವುಗಳ ನಡುವೆ ಬಿಟ್ಟೆ.

ಎಂಟನೆಯ ದಿನ ಅದರ ಮೈಮೇಲೆ ರವೆ ಉದುರಿಸಿದಂತೆ ಬಿಳಿ ಚುಕ್ಕೆಗಳು ಕಂಡವು. ಮೀನು ಕಲ್ಲಿಗೆ ಪಕ್ಕೆಯನ್ನು ಉಜ್ಜಿಕೊಳ್ಳುತ್ತಿತ್ತು. ನಮ್ಮ ಅತ್ತೆಯವರು ಕನ್ನಡಕ ಸರಿಪಡಿಸಿಕೊಂಡು ನೋಡಿ, "ಮೀನಿಗೆ ಅಮ್ಮ ಬಂದ ಹಾಗಿದೆಯಪ್ಪಾ" ಎಂದರು. ನಾನು ನಕ್ಕೆ. ನೀರನ್ನು ಸ್ವಲ್ಪ ಬದಲಾಯಿಸಿದೆ, ಆಹಾರಕ್ಕೆ ಬೆಳ್ಳುಳ್ಳಿಯ ರಸ ಬೆರೆಸಿದೆ. ಐದು ದಿನಗಳಲ್ಲಿ ಚುಕ್ಕೆಗಳೆಲ್ಲ ಮಾಯವಾದವು. ಬೆಳ್ಳುಳ್ಳಿಯ ಮಹಿಮೆಯನ್ನು ಬಂದವರಿಗೆಲ್ಲ ವರ್ಣಿಸಿದೆ.

ಕೇಳುಗರೇ, ಆ ಐದು ದಿನಗಳಲ್ಲಿ ವಾಸ್ತವವಾಗಿ ನಡೆದದ್ದೇನೆಂದು ಈಗ ಹೇಳುತ್ತೇನೆ. ಈ ರೋಗವನ್ನು ತರುವುದು ಒಂದು ಏಕಕೋಶಜೀವಿ. ೧೯೫೧ರಲ್ಲಿ ಇ. ಎಂ. ಬ್ರೌನ್ ಅದಕ್ಕೆ ಕ್ರಿಪ್ಟೊಕೇರಿಯಾನ್ ಇರಿಟಾನ್ಸ್ ಎಂದು ಹೆಸರಿಟ್ಟರು. ಅದು ಮೀನಿನ ಚರ್ಮದ ಮೇಲೆ ಕುಳಿತುಕೊಳ್ಳುವುದಿಲ್ಲ; ಮೇಲ್ಪದರದ ಅಡಿಗೆ ನುಸುಳಿ, ಅಲ್ಲಿಯೇ ಉಂಡು ಕೊಬ್ಬುತ್ತದೆ. ನಮಗೆ ಕಾಣುವ ಚುಕ್ಕೆ ಈ ಕೊಬ್ಬಿದ ಜೀವಿ. ಮೂರರಿಂದ ಏಳು ದಿನ ಹೀಗೆ ಉಂಡ ಮೇಲೆ ಅದು ತಾನಾಗಿಯೇ ಮೀನನ್ನು ಬಿಟ್ಟು ತಳಕ್ಕೆ ಇಳಿಯುತ್ತದೆ. ಕಲ್ಲಿಗೋ ಮರಳಿಗೋ ಅಂಟಿಕೊಂಡು, ಸುತ್ತಲೂ ಗಟ್ಟಿಯಾದ ಕೋಶವನ್ನು ಕಟ್ಟಿಕೊಂಡು, ಒಳಗೆ ಒಂದು ಎರಡಾಗಿ, ಎರಡು ನಾಲ್ಕಾಗಿ ಒಡೆಯುತ್ತದೆ. ಒಂದು ಕೋಶದಿಂದ ಇನ್ನೂರರಷ್ಟು ಮರಿಗಳು ಹೊರಡಬಹುದು. ಹೊರಡುವುದು ಬಹುಮಟ್ಟಿಗೆ ಕತ್ತಲಿನಲ್ಲಿ, ಮೀನುಗಳು ತಳದ ಸಮೀಪ ಅಲುಗಾಡದೆ ನಿದ್ರಿಸುವ ಹೊತ್ತಿನಲ್ಲಿ. ಅಂದರೆ ಚುಕ್ಕೆ ಮಾಯವಾದದ್ದು ಗುಣವಲ್ಲ. ರೋಗ ಮೀನಿನಿಂದ ಇಳಿದು ಸಂಸಾರ ಹೂಡಲು ಹೋಗಿತ್ತು. ನಾನು ಬೆಳ್ಳುಳ್ಳಿಯನ್ನು ಹೊಗಳುತ್ತಿದ್ದಾಗ ಕಲ್ಲಿನ ಸಂದುಗಳಲ್ಲಿ ಅದರ ಸಂತಾನ ಬೆಳೆಯುತ್ತಿತ್ತು.

ಎರಡು ವಾರಗಳ ತರುವಾಯ ಒಂದು ಬೆಳಿಗ್ಗೆ ಮೂರು ಮೀನುಗಳೂ ಚುಕ್ಕೆಮಯವಾಗಿದ್ದವು. ನೀಲಿ ಮೀನು ಮೇಲ್ಮೈಯ ಬಳಿ ನಿಂತು ಕಿವಿರುಗಳನ್ನು ಬಡಿಯುತ್ತಿತ್ತು. ಚರ್ಮದ ಮೇಲೆ ಹತ್ತು ಕಂಡರೆ ಕಿವಿರಿನೊಳಗೆ ಎಷ್ಟಿವೆಯೋ ಹೇಳಲಾಗದು. ಮೀನನ್ನು ಕೊಲ್ಲುವುದು ಬಹುಪಾಲು ಆ ಕಾಣದ ಚುಕ್ಕೆಗಳೇ.

ತಾಮ್ರ ಇದಕ್ಕೆ ಮದ್ದೆಂದು ಓದಿದ್ದೆ. ನಾನು ಅಡಿಕೆ ತೋಟದ ಮನೆಯಲ್ಲಿ ಹುಟ್ಟಿದವನು. ಕೊಳೆರೋಗಕ್ಕೆ ಮೈಲುತುತ್ತ ಮತ್ತು ಸುಣ್ಣದ ಬೋರ್ಡೋ ದ್ರಾವಣವನ್ನು ಮಳೆಗಾಲದಲ್ಲಿ ಸಿಂಪಡಿಸುವುದನ್ನು ಬಾಲ್ಯದಿಂದ ಕಂಡವನು. ನೂರು ಲೀಟರಿಗೆ ಒಂದು ಕಿಲೋ ಮೈಲುತುತ್ತ, ನಮ್ಮ ಕೈಗೆ ಹತ್ತಿದ ಲೆಕ್ಕ ಅದು. ಮೀನಿನ ತೊಟ್ಟಿಯಲ್ಲಿ ಬೇಕಾದದ್ದು ಲೀಟರಿಗೆ ೦.೧೫ರಿಂದ ೦.೨೦ ಮಿಲಿಗ್ರಾಂ ತಾಮ್ರ. ನೂರು ಲೀಟರಿಗೆ ಸುಮಾರು ೮೦ ಮಿಲಿಗ್ರಾಂ ಮೈಲುತುತ್ತ. ತೋಟದ ಲೆಕ್ಕಕ್ಕೂ ಇದಕ್ಕೂ ಹನ್ನೆರಡು ಸಾವಿರ ಪಟ್ಟಿಗೂ ಮಿಕ್ಕ ಅಂತರ. ಪ್ರಮಾಣದಲ್ಲಿ ನಾನು ತಪ್ಪಲಿಲ್ಲ. ಔಷಧಾಲಯದ ತಕ್ಕಡಿಯಲ್ಲಿ ತೂಗಿಸಿಯೇ ತಂದೆ. ತಪ್ಪಿದ್ದು ಸ್ಥಳದಲ್ಲಿ. ಇಡೀ ತೊಟ್ಟಿಗೇ ಸುರಿದೆ.

ಮರುದಿನ ಬೆಳಿಗ್ಗೆ ಎರಡು ಸಿಗಡಿಗಳೂ ಮರಳಿನ ಮೇಲೆ ಮಗ್ಗುಲಾಗಿ ಬಿದ್ದಿದ್ದವು. ಬಸವನಹುಳುಗಳು ಒಂದೊಂದಾಗಿ ಗಾಜಿನಿಂದ ಕಳಚಿಬಿದ್ದವು. ಮೀನು ತಾಳಿಕೊಳ್ಳುವ ತಾಮ್ರವನ್ನು ಬೆನ್ನೆಲುಬಿಲ್ಲದ ಪ್ರಾಣಿಗಳು ತಾಳವು. ಹವಳವಿದ್ದಿದ್ದರೆ ಅದೂ ಸಾಯುತ್ತಿತ್ತು. ನನ್ನ ಕೈ ಚಾಚಿದರೆ ಬೆರಳಿನ ಮೇಲೆ ಹತ್ತಿ ಉಗುರನ್ನು ಕೆದಕುತ್ತಿದ್ದ ಪ್ರಾಣಿಗಳು ಅವು. ಅವನ್ನು ಕೊಂದದ್ದು ರೋಗವಲ್ಲ. ಸಾಲದೆಂಬಂತೆ, ಹವಳದ ಮರಳು ಮತ್ತು ಕಲ್ಲು ತಾಮ್ರವನ್ನು ಹೀರಿಕೊಳ್ಳುತ್ತವೆ. ನೀರಿನಲ್ಲಿ ಮದ್ದಿನ ಅಂಶ ದಿನದಿನಕ್ಕೂ ಕುಸಿಯಿತು. ಮೂರನೆಯ ರಾತ್ರಿ ನೀಲಿ ಮೀನೂ ಹೋಯಿತು.

ಆಮೇಲೆ ಮಾಡಿದ್ದನ್ನು ಮೊದಲೇ ಮಾಡಬೇಕಾಗಿತ್ತು. ಮರಳಿಲ್ಲದ, ಕಲ್ಲಿಲ್ಲದ ಬರಿಯ ಒಂದು ತೊಟ್ಟಿ. ಅಡಗಿಕೊಳ್ಳಲು ಪ್ಲಾಸ್ಟಿಕ್ ಕೊಳವೆಯ ತುಂಡು. ಕ್ಲೌನ್ ಮೀನುಗಳನ್ನು ಅದಕ್ಕೆ ವರ್ಗಾಯಿಸಿ, ಪ್ರತಿದಿನ ತಾಮ್ರದ ಅಂಶವನ್ನು ಪರೀಕ್ಷಿಸುತ್ತ ಒಂದು ತಿಂಗಳು ಇಟ್ಟೆ. ಒಂದು ತಿಂಗಳೇಕೆ? ಚರ್ಮದ ಅಡಿಯಲ್ಲಿರುವ ಜೀವಿಗೆ ತಾಮ್ರ ತಲುಪದು, ಕೋಶದೊಳಗಿರುವುದಕ್ಕೂ ತಲುಪದು. ಕೋಶದಿಂದ ಹೊರಬಿದ್ದು ಮೀನನ್ನು ಅರಸಿ ಈಜುವ ಒಂದೆರಡು ದಿನಗಳಷ್ಟೇ ಅದು ನಮ್ಮ ಕೈಗೆ ಸಿಕ್ಕುವ ಅವಧಿ. ಮದ್ದು ಅಲ್ಲಿ ಹೊಂಚುಹಾಕಿ ಕಾದಿರಬೇಕು, ಒಂದು ದಿನವೂ ತಪ್ಪದೆ. ತಾಮ್ರವನ್ನು ಒಲ್ಲದವರು ಮೂರು ಮೂರು ದಿನಕ್ಕೊಮ್ಮೆ, ಒಟ್ಟು ನಾಲ್ಕು ಬಾರಿ, ಮೀನನ್ನು ಒಣಗಿದ ಬೇರೆ ತೊಟ್ಟಿಗೆ ಬದಲಾಯಿಸುತ್ತಾರೆ. ಉದುರಿದ ಜೀವಿಯ ಮರಿಗಳು ಹೊರಬರುವಷ್ಟರಲ್ಲಿ ಮೀನು ಅಲ್ಲಿರುವುದೇ ಇಲ್ಲ. ಈ ಉಪಾಯ ನನಗೆ ಹೆಚ್ಚು ಸೊಗಸಾಗಿ ತೋರುತ್ತದೆ. ಇನ್ನು ಹವಳವಿರುವ ತೊಟ್ಟಿಯನ್ನು ಮೀನಿಲ್ಲದೆ ೭೬ ದಿನ ಪಾಳು ಬಿಡುತ್ತಾರೆ. ೭೨ನೆಯ ದಿನವೂ ಕೋಶದಿಂದ ಮರಿ ಹೊರಬಂದದ್ದು ದಾಖಲಾಗಿದೆ. ನನ್ನ ತೊಟ್ಟಿಯಲ್ಲಿ ಪಾಳುಬಿಟ್ಟು ಉಳಿಸಿಕೊಳ್ಳುವಂಥದು ಏನೂ ಇರಲಿಲ್ಲ. ತಾಮ್ರ ಕುಡಿದ ಕಲ್ಲು ಮರಳನ್ನು ಎಸೆದು, ಗಾಜನ್ನು ಬಿಸಿಲಿಗಿಟ್ಟೆ.

ಬಿಳಿಯದೆಲ್ಲ ಈ ರೋಗವಲ್ಲವೆಂಬುದನ್ನೂ ಹೇಳಬೇಕು. ಚುಕ್ಕೆಗಳು ರವೆಗಿಂತ ಬಹು ಸಣ್ಣದಾಗಿ, ಹೊನ್ನಿನ ಧೂಳು ಎರಚಿದಂತಿದ್ದು, ಮೀನು ಏದುಸಿರು ಬಿಡುತ್ತಿದ್ದರೆ ಅದು ಅಮೈಲೂಡಿನಿಯಮ್. ಅದು ವಾರ ಕಾಯುವುದಿಲ್ಲ, ಎರಡು ಮೂರು ದಿನಗಳಲ್ಲಿ ತೊಟ್ಟಿಯನ್ನೇ ಬರಿದು ಮಾಡಬಲ್ಲದು. ಕ್ಲೌನ್ ಮೀನಿನ ಮೈಮೇಲೆ ದಪ್ಪ ಲೋಳೆ ಕಟ್ಟಿ ಸುಲಿದಂತಾದರೆ ಅದು ಬ್ರೂಕ್ಲಿನೆಲ್ಲಾ. ಅದಕ್ಕೆ ತಾಮ್ರ ಸಾಲದು, ಫಾರ್ಮಲಿನ್ ಬೇಕು. ರೆಕ್ಕೆಯ ಅಂಚಿನಲ್ಲಿ ಹೂಕೋಸಿನಂಥ ಗಂಟು ಕಂಡರೆ ಅದು ವೈರಸ್ಸಿನದು. ಮದ್ದಿಲ್ಲ, ಸಾಮಾನ್ಯವಾಗಿ ತಾನೇ ಉದುರುತ್ತದೆ. ಚುಕ್ಕೆಯೇ ಇಲ್ಲದೆ ಏದುಸಿರಾದರೆ ಮೊದಲು ನೀರಿನ ಅಮೋನಿಯಾವನ್ನು ಪರೀಕ್ಷಿಸಿ. ಹೊಸ ತೊಟ್ಟಿಗಳಲ್ಲಿ ಅದರ ವಿಷವನ್ನು ರೋಗವೆಂದು ತಿಳಿದು ಮದ್ದು ಹಾಕುವವರನ್ನು ನಾನು ಬಹಳ ನೋಡಿದ್ದೇನೆ.

ಆ ಎರಡು ಕ್ಲೌನ್ ಮೀನುಗಳು ಈಗಲೂ ಇವೆ. ಬರಿಯ ತೊಟ್ಟಿ ಹಿತ್ತಲ ಜಗಲಿಯಲ್ಲಿದೆ. ಹೊಸದಾಗಿ ಬಂದದ್ದು ಯಾವುದೇ ಇರಲಿ, ತಿಂಗಳೊಪ್ಪತ್ತು ಅಲ್ಲಿಯೇ ವಾಸ. ಈಗ ಅಲ್ಲೊಂದು ಮರಿ ಟ್ಯಾಂಗ್ ಇದೆ, ಹಳದಿಯದು. ನಸುಕಿನಲ್ಲಿ ದೀಪ ಹಚ್ಚುವ ಮೊದಲು ಟಾರ್ಚು ಹಿಡಿದು ಅದರ ಪಕ್ಕೆಯನ್ನು ನೋಡುತ್ತೇನೆ. ಅತ್ತೆಯವರು ಹಿಂದೆ ಬಂದು ನಿಲ್ಲುತ್ತಾರೆ. ಇಂದಿಗೆ ಹನ್ನೊಂದನೆಯ ದಿನ. ಇನ್ನೂ ಏನೂ ಕಂಡಿಲ್ಲ.